ತಟ್ಟಿ ಕೊಡುವ ಮಡಕೆ

ಮಾನ್ಯ ಅಧ್ಯಕ್ಷರೇ, ಪ್ರವಾಸೋದ್ಯಮ ಇಲಾಖೆಯಿಂದ ಬಂದಿರುವ ಅತಿಥಿಗಳೇ, ಗ್ರಾಮೀಣ ಪ್ರವಾಸ ಸಹಕಾರ ಸಂಘದ ಸದಸ್ಯರೇ, ನನ್ನ ಓಣಿಯವರೇ, ಸಭಿಕರೇ,

ನಾನು ಮಡಕೆ ಓಣಿಯ ದೊಡ್ಡಮ್ಮ. ಪರಿಚಯ ಮಾಡಿಕೊಟ್ಟವರು 'ಹಿರಿಯ ಕಲಾವಿದೆ' ಎಂದರು. ಕಲಾವಿದೆಯಲ್ಲ, ಮಡಕೆ ಮಾಡುವವಳು. ಹೈಸ್ಕೂಲು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದೆ. 'ಓದಿದ ಹುಡುಗಿ ಮಣ್ಣು ತುಳೀತಾಳಾ?' ಎಂದು ನನ್ನತ್ತೆ ಕೇಳಿದರು. ತುಳಿದೆ. ಅವರ ನಂತರ ಮನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಇಂದಿಗೂ ನಮ್ಮ ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ನನ್ನನ್ನು ಕೇಳದೆ ಯಾರೂ ಬೆಂಕಿ ಕೊಡುವುದಿಲ್ಲ.

'ಜೀವಂತ ಕಸುಬಿನ ಊರು' ಎಂಬ ಫಲಕವನ್ನು ನಮಗೆ ಕೊಟ್ಟಿದ್ದೀರಿ. ಸಂತೋಷ. ಪ್ರವಾಸಿಗರಿಂದ ಆದ ಒಳ್ಳೆಯದನ್ನು ಮರೆಯುವವಳಲ್ಲ ನಾನು. ನಿಂತುಹೋಗಿದ್ದ ಬಸ್ಸು ಮತ್ತೆ ಬರುತ್ತಿದೆ. ಬೀಗ ಬಿದ್ದಿದ್ದ ಮನೆಗಳು ಅತಿಥಿಗಳ ಕೋಣೆಗಳಾಗಿವೆ. ನನ್ನ ಸೊಸೆ ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು ಅಡುಗೆ ನಡೆಸುತ್ತಾಳೆ. ಹಾಲು, ಮೊಟ್ಟೆ, ತರಕಾರಿ ಎಲ್ಲವೂ ಸುತ್ತಲಿನ ಊರುಗಳದ್ದೇ. ಇದನ್ನೆಲ್ಲ ಕಟ್ಟಿದವನು ವೇದಿಕೆಯ ತುದಿಯಲ್ಲಿ ಕೂತಿರುವ ಸಂಘದ ಕಾರ್ಯದರ್ಶಿ, ನನ್ನ ಮಗ. ಅವನನ್ನು ನಾನು ಹೊಗಳುತ್ತಿರುವುದು ಇದೇ ಮೊದಲು. ಅವನಿಗೇ ಗಾಬರಿಯಾಗಿರಬೇಕು.

ಆದರೆ ಕಸುಬು ಎಲ್ಲಿ ಜೀವಂತವಾಗಿದೆ, ಹೇಳಿ? ಚಕ್ರದ ಮುಂದೆ ಕುರ್ಚಿ ಹಾಕಿದ್ದೇವೆ. ಮಗ ಮಡಕೆ ಎತ್ತುತ್ತಾನೆ, ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಅವರು ಎದ್ದು ಹೋದ ಮೇಲೆ ಅದನ್ನು ಹಿಸುಕಿ ಉಂಡೆ ಮಾಡುತ್ತಾನೆ. ಮುಂದಿನ ತಂಡಕ್ಕೆ ಮತ್ತೆ ಅದೇ ಮಣ್ಣು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮಲ್ಲಿ ದೊಣ್ಣೆಯ ಖರ್ಚೂ ಇಲ್ಲ.

ಮಗನ ಕೈ ಚೆನ್ನಾಗಿದೆ. ಚಿಕ್ಕವನಿದ್ದಾಗ ಅವನ ಮಡಕೆಯ ಬಾಯಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ನಾನು ಅವನೆದುರೇ ಹಿಸುಕಿ, ಉಂಡೆಯನ್ನು ಅವನ ಕೈಗಿಡುತ್ತಿದ್ದೆ. 'ಒಂದಾದ್ರೂ ಉಳಿಸಮ್ಮ' ಎಂದು ಅಳುತ್ತಿದ್ದ. ಉಳಿಸಲಿಲ್ಲ. ಅದಕ್ಕೇ ಕೈ ಅಷ್ಟು ಚೆನ್ನಾಗಿ ಪಳಗಿದೆ. ಅದಿರಲಿ.

ಮಾಡಿದ್ದನ್ನು ಸುಡೋಣವೆಂದರೆ ಆವಿಗೆಯೇ ಆರಿಹೋಗಿತ್ತು. ಯಾಕೆ ಆರಿತು? ಹೊಗೆ ಅತಿಥಿಗಳಿಗೆ ಆಗುವುದಿಲ್ಲ, ಪ್ರವಾಸಿಗರ ಕಾಲದಲ್ಲಿ ಸುಡುವಂತಿಲ್ಲ ಎಂದು ಸಂಘ ನಿಯಮ ಮಾಡಿತು. ಪ್ರವಾಸಿಗರಿಲ್ಲದ ಕಾಲ ಯಾವುದು? ಮಳೆಗಾಲ. ಮಳೆಯಲ್ಲಿ ಹಸಿ ಮಡಕೆ ಒಣಗುತ್ತದೆಯೇ? ಸೌದೆ ಹತ್ತುತ್ತದೆಯೇ? ಕೊನೆಗೆ ಅತಿಥಿಗಳಿಗೆಂದು ಸಂಘ ಇಟ್ಟ ಅಂಗಡಿಗೆ ಕಾರ್ಖಾನೆಯ ಮಡಕೆ ಬಂತು. 'ಒಂದು ವರ್ಷ ನೋಡೋಣಮ್ಮ' ಎಂದ ಮಗ. ನೋಡೋಣ ಎಂದೆ. ನೋಡಿದೆ.

ಈಚೆಗೆ ಒಬ್ಬ ಅತಿಥಿ, ನಿವೃತ್ತ ನರ್ಸಮ್ಮ, ಅಂಗಡಿಯಿಂದ ಒಂದು ಹೂಜಿ ಆರಿಸಿ ನನ್ನ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ, ಕೊಳ್ಳುವವರಿಗೆ ಸದ್ದು ಕೇಳಿಸಿಯೇ ಮಡಕೆ ಕೊಡುವುದು. ಬಿರುಕಿದ್ದರೆ ಅದೇ ಹೇಳಿಬಿಡುತ್ತದೆ. ಅಭ್ಯಾಸಬಲದಿಂದ ತಟ್ಟಿದೆ. ಸದ್ದು ಗಟ್ಟಿಯಾಗಿಯೇ ಇತ್ತು. ನಮ್ಮದಾಗಿರಲಿಲ್ಲ.

'ಚೆನ್ನಾಗಿದೆ. ಮಾಡಿದ್ದು ನೀವಾ, ನಿಮ್ಮ ಮಗನಾ?' ಎಂದರು.

'ಇಬ್ರೂ ಅಲ್ಲ' ಎಂದೆ.

'ಹಾಗಾದ್ರೆ ನಮ್ಮೂರಲ್ಲೇ ತಗೋತೀನಿ ಬಿಡಿ. ಇಷ್ಟು ದೂರದಿಂದ ಹೊತ್ಕೊಂಡು ಹೋಗೋದ್ಯಾಕೆ?' ಎಂದು ನಕ್ಕು ಹಿಂದಿರುಗಿಸಿದರು.

ಆ ಸಂಜೆ ಮಗನಿಗೆ ಹೇಳಿದೆ, ಆವಿಗೆ ಹಚ್ಚೋಣ ಎಂದು. 'ಹೊಗೆ ನೋಡಿದ್ರೆ ಬಸ್ಸು ತಿರುಗಿಸ್ಕೊಂಡು ಹೋಗ್ತಾರಮ್ಮ' ಎಂದ.

'ನೋಡೋಕೆ ಏನೂ ಇಲ್ದಿದ್ರೂ ಹೋಗ್ತಾರಪ್ಪ' ಎಂದೆ.

ಅವನ ಮಾತು ಸುಳ್ಳಲ್ಲ. ಕೋಣೆಗಳು ಖಾಲಿಯಾದರೆ ಮೊದಲು ಆರುವುದು ನನ್ನ ಸೊಸೆಯ ಒಲೆ. ಅವಳನ್ನೇ ಕೇಳಿದೆ. 'ಹಚ್ಚಿ ಅತ್ತೆ, ಒಲೆ ಮುಂದೆ ಕೂತವಳಿಗೆ ಹೊಗೆ ಏನು ಹೊಸದಾ?' ಎಂದಳು. ಅವಳು ಓದಿದ್ದು ನನಗಿಂತ ಹೆಚ್ಚು, ಬುದ್ಧಿಯೂ ಇರಬಹುದು.

ಅಂದಿನಿಂದ ದಿನದ ಕೊನೆಯ ಮಡಕೆಗಳನ್ನು ಮಗ ಹಿಸುಕುವ ಮೊದಲೇ ನಾನು ಎತ್ತಿಕೊಂಡು ಹೋದೆ. 'ಯಾಕಮ್ಮ?' ಎಂದ. 'ಇರ್ಲಿ ಬಿಡು' ಎಂದೆ. ಹಿತ್ತಿಲ ಕೋಣೆಯಲ್ಲಿ ನೆರಳಿಗಿಟ್ಟು ಒಣಗಿಸಿದೆ.

ಹಿಂದಿನ ಸಾಲಿನವರು ಆಗಲೇ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದೀರಿ. ಹೆದರಬೇಡಿ, ಊರಿಗೆ ಬೆಂಕಿ ಬಿದ್ದಿಲ್ಲ. ಇಲ್ಲಿಗೆ ಹೊರಡುವ ಮುನ್ನ ಆವಿಗೆಗೆ ನಾನೇ ಬೆಂಕಿ ಕೊಟ್ಟು ಬಂದೆ. ಸೊಸೆ ಸೌದೆ ಒಟ್ಟುತ್ತಿದ್ದಾಳೆ. ಹತ್ತಿಸಿದ್ದನ್ನು ನಡುವೆ ಆರಿಸಿದರೆ ಒಳಗಿನದೆಲ್ಲ ಬಿರಿಯುತ್ತದೆ. ಆದ್ದರಿಂದ ಯಾರೂ ತುರ್ತು ಸಭೆ ಕರೆಯಬೇಡಿ. ಮಧ್ಯಾಹ್ನದ ಬಸ್ಸಿನವರಿಗೆ ಹೊಗೆ ತಾಗದ ಮಗ್ಗುಲಲ್ಲಿ ಕುರ್ಚಿ ಹಾಕಿಸಿದ್ದೇನೆ. ನೋಡುವವರು ನೋಡಲಿ. ಫಲಕ ವಾಪಸು ಬೇಕಿದ್ದರೆ ಮೇಜಿನ ಮೇಲೇ ಇದೆ, ಸುತ್ತಿದ ಕಾಗದವನ್ನೂ ಬಿಚ್ಚಿಲ್ಲ.

ಮಗನೇ, ಒಳಗಿರುವುದೆಲ್ಲ ನಿನ್ನವೇ. ಬಾಯಿ ಸೊಟ್ಟಗಿದ್ದವನ್ನೂ ನಾನು ಹಿಸುಕಿಲ್ಲ. ಆವಿಗೆ ತಣ್ಣಗಾದ ಮೇಲೆ ಬಂದು ನೀನೇ ತಟ್ಟಿ ನೋಡು.

ಮಾತಾಡಲು ಕರೆದ ಸಂಘಕ್ಕೂ, ಕೆಮ್ಮುತ್ತಲೇ ಕೂತು ಕೇಳಿದ ನಿಮಗೂ ನನ್ನ ವಂದನೆಗಳು. ನಮಸ್ಕಾರ.