ಹವಾದ ದೋಣಿ

ಅಲ್ಲ ಸುಲಭಾ, ನಾ ಏನ್ ಅವನ್ನ ನೀರಾಗ ದೂಡೇನೇನು? ಹೇಳು ನೋಡೋಣು! ಮುಂಜಾನಿಂದ ಮಾರಿ ತಿರುವಿ ಕೂತೀದಿ. ಸಂಬಂಧ ಕೂಡಿಸಿದ ರಾಘವೇಂದ್ರ ಕಾಕಾ ಬಂದು, 'ಹುಡುಗ ಈ ಸಂಬಂಧ ಒಲ್ಲೆ ಅಂತಾನ್ರಿ' ಅಂತ ಹೇಳಿ ಹೋದಾಗಿಂದ ಅಪ್ಪನ ಕೂಡ ಒಂದ್ ಮಾತಿಲ್ಲ, ಕಥಿಲ್ಲ. ಒಲ್ಲೆ ಅಂದಾಂವ ಹರಿ. ನಾನಲ್ಲ! ನಿಶ್ಚಯ ಆದ ಮ್ಯಾಲೆ ಒಲ್ಲೆ ಅನ್ನಾಕ ಅವಗ ನಾಚಿಕಿ ಬರಬೇಕು. ಸಿಟ್ಟು ಮಾಡೂದಿದ್ರ ಅವನ ಮ್ಯಾಲೆ ಮಾಡು. ನನ್ನ ಮ್ಯಾಲ್ಯಾಕ?

ಆ ತೊಗರಿಬ್ಯಾಳಿ ಇನ್ನ ಎಷ್ಟ್ ಹಸನ ಮಾಡ್ತಿ? ಒಂದ್ ಹರಳಿಲ್ಲ ಅದರಾಗ. ಬಿಡು... ಬ್ಯಾಡ, ಮಾಡು. ಮಾಡ್ಕೋತ ಕೇಳು.

ನಿಮ್ಮವ್ವ ನಿನಗ ಏನೇನ್ ಹೇಳ್ಯಾಳೋ, ಆಕಿ ಏನ್ ಅಲ್ಲಿ ಬಂದಿದ್ಲೇನು? ಅಲ್ಲಿದ್ದಾಂವ ನಾನು. ಆಫೀಸಿನವರೆಲ್ಲಾ ಬಸ್ ಮಾಡ್ಕೊಂಡು ಸಮುದ್ರ ನೋಡಾಕ ಹ್ವಾದ್ವಿ. ಹರಿನೂ ನಮ್ಮ ಆಫೀಸಿನ್ಯಾಂವನ, ಬಂದ. ಗೋಕರ್ಣದಾಗ ದೇವರ ದರ್ಶನ ಮುಗಿಸಿ ದಂಡಿಗೆ ಇಳದ್ವಿ. ಅಲ್ಲಿ ಎರಡು ನಮೂನಿ ದೋಣಿ. ಒಂದು ದೊಡ್ಡ ಲಾಂಚು. ಮ್ಯಾಲೆ ನೆರಳು, ಕೂಡ್ರಾಕ ಬಾಕು, ಹೆಣ್ಮಕ್ಳು ಮುದುಕ್ರು ಶೇಂಗಾ ತಿನ್ಕೋತ ಆರಾಮ ಹೋಗಿ ಬರೂದು. ಇನ್ನೊಂದು ಸಣ್ಣದು... ಅದು ದೋಣಿ ಅಂದ್ರ ದೋಣಿ ಅಲ್ಲ, ಲಾರಿ ಟ್ಯೂಬಿನಂಗ ಹವಾ ತುಂಬಿದ ರಬ್ಬರಿಂದು. ಗುಡ್ಡ ಹೋಗಿ ಸಮುದ್ರಕ್ಕ ಬಿದ್ದಲ್ಲಿ, ಕಲ್ಲಿನ ಸಂದಿ ಸಂದ್ಯಾಗ ಹಾಯ್ಸಿ, ಗವಿ ಒಳಗ ಹೊಗಿಸಿ ಹೊಳ್ಳಿ ತರ್ತಾರ. ಒಂದ್ ತೆರಿ ಬಡದ್ರ ತೊಡಿ ತುಂಬ ನೀರು! ಜಬರದಸ್ತ್ ಮಜಾ!

ಹೌದು, ನಾನ ಆರಿಸಿದೆ. ಅದನ್ನೇನ್ ನಾ ಮುಚ್ಚಿಡಾಕತ್ತಿಲ್ಲ. ದೌಲತರಾಯ ಸಾಹೇಬ್ರು ಎಲ್ಲಾರ ಮುಂದ ಕೇಳಿದ್ರು, 'ಏನ್ ಶ್ರೀಪಾದರಾವ್, ಮಾವ ಅಳಿಯ ಯಾವುದ್ರಾಗ?' ಅಂತ. 'ಭೀಮಾ ಹೊಳಿ ದಂಡಿ ಮಂದಿರಿ ನಾವು, ಲಾಂಚಿನ್ಯಾಗ ಮುದುಕ್ಯಾರ ಕೂಡ ಕೂಡ್ರೂದೇನ್ರಿ? ಸಣ್ಣದರಾಗ್ರಿ!' ಅಂದೆ. ಎಲ್ಲಾರೂ ಚಪ್ಪಾಳಿ ಹೊಡದ್ರು ನೋಡು! ಸಾಹೇಬ್ರು ನನ್ನ ಹೆಗಲ ಮ್ಯಾಲೆ ಕೈ ಹಾಕಿದ್ರು...

ಯಾಕ ನಗಾಕತ್ತಿ? ... ಅಲ್ಲ. ನಗು ಅಲ್ಲ ಅದು. ಇರಲಿ.

ಹರಿ ಏನಂದ ಅಂತೀಯೇನು? ಏನೂ ಅನ್ನಲಿಲ್ಲ! ಅದನ್ನ ಹೇಳಾಕತ್ತೇನಿ ನಾ. ಬಾಯಿ ಇಲ್ಲೇನ್ ಅವಗ? ಡಿಗ್ರಿ ಓದಿದ ಇಂಜಿನಿಯರ್! 'ನಂಗ ನೀರಂದ್ರ ಅಂಜಿಕ್ರಿ' ಅಂತ ಒಂದ... ಒಂದ ಒಂದ್ ಮಾತು ಅಂದಿದ್ರ, ದಂಡಿ ಮ್ಯಾಲೆ ಕೂಡ್ರಿಸಿ ಎಳನೀರು ಕುಡಿಸಿ ಬರ್ತಿದ್ದೆ. ದೇವರಾಣಿ! ಅನ್ನಲೇ ಇಲ್ಲ. ನನ್ನ ಮಾರಿ ನೋಡಿದ, ಜರಾ ಹೊತ್ತು ನೋಡಿದ, ಸುಮ್ಮ ಬಂದು ಬಾಜೂಕ ಕೂತ. ಕೂತಾಂವ ಹಗ್ಗ ಹಿಡದ. ಬೆರಳು ಬೆಳ್ಳಗಾಗಿದ್ವು. ನಾ ಥಂಡಿಗೆ ಅಂತ ತಿಳದೆ.

ಕಲ್ಲು ಬಂದ್ವು. ತೆರಿ ನಮ್ಮನ್ನ ಎತ್ತಿತು, ಹಂಗ ಕುಕ್ಕಿತು. ಇಂವ ಎದ್ದ ನಿಂತ! ದೋಣಿ ವಾಲಾಡಿತು, ನಡಸೂ ಹುಡುಗ ಬೈದ. ಇಂವ ಕುಸದು ಬುಡಕ್ಕ ಬಿದ್ದು ನನ್ನ ಕಾಲು ತೆಕ್ಕಿ ಹಾಯ್ದು ಒದರಿದ ನೋಡವಾ... ಗಂಡಸು ಹಂಗ ಒದರಿದ್ದು ನಾ ಕೇಳಿದ್ದಿಲ್ಲ. ಪ್ಯಾಂಟು ಹಸಿ ಆಗಿತ್ತು. ಸಮುದ್ರದ ನೀರೋ ಮತ್ತೊಂದೋ, ನಾ ಯಾಕ ಹೇಳ್ಲಿ? ಮಂದಿ ಹೇಳ್ಯಾರ. ಮಂದಿ ನಕ್ರು. ಸಾಹೇಬ್ರ ನಕ್ಕ ಮ್ಯಾಲೆ ನಾ ಏನ್ ಅಳಬೇಕಿತ್ತೇನು? ನಕ್ಕೆ. ಎಲ್ಲಾರ ಕೂಡ ಒಂದೀಟು ನಕ್ಕೆ. ಆಫೀಸಿನ್ಯಾಗ ಜವಾನ್ರು ಅವನಂಗ ಒದರಿ ತೋರಿಸ್ತಾರಂದ್ರ ಅದಕ್ಕ ನಾ ಏನ್ ಮಾಡ್ಲಿ? ಮಾರಿ ಮುಚ್ಕೊಂಡು ರಜಾ ಹಾಕ್ಯಾನ, ಬ್ಯಾರೆ ಊರಿಗೆ ವರ್ಗ ಕೇಳ್ಯಾನಂತ. ಹೇಡಿ!

ಹಂಗ ನೋಡಬ್ಯಾಡ. ಆತು, ಹೇಡಿ ಅಲ್ಲ. ಮಾತಿಗೆ ಅಂದೆ.

ಇಂಥಾ ಅಂಜಿಕಿ ಹೆಂಗ ಹೋಗ್ತದ ಗೊತ್ತದೇನ್ ನಿನಗ? ನಿಮ್ಮ ಅಜ್ಜ ನನ್ನ ಬೆನ್ನಿಗೆ ತೇಲಾಕ ಒಣ ಸೋರಿ ಬುರುಡಿ ಕಟ್ಟಿ ಬಾವ್ಯಾಗ ಒಗದುಬಿಟ್ಟ. ನಾ ಒದರಿದ್ದು ಊರಿಗೆಲ್ಲಾ ಕೇಳಸ್ತಂತ. ಸಂಜಿಕ ಈಸಾಕತ್ತಿದ್ದೆ! ಹಂಗ ಹೋಗೂದು ಅಂಜಿಕಿ. ಇವನೂ ಒದರಿ ಒದರಿ ಸುಮ್ಮಾಗ್ತಾನ ಅಂದ್ಕೊಂಡೆ. ಎಲ್ಲಿ ಸುಮ್ಮಾಗ್ತಾನ? 'ಸೀನಣ್ಣಾ ಕೈ ಬಿಡಬ್ಯಾಡೋ, ಸೀನಣ್ಣಾ' ಅಂತ ಒಂದ ಸವನ. ಮಂದಿ ನನಗ ಕೇಳಾಕ ಹತ್ತಿದ್ರು, ಯಾರ್ರೀ ಈ ಸೀನಣ್ಣ ಅಂತ. ಏನ್ ಹೇಳ್ಲಿ? ಸತ್ತ ಅಣ್ಣನ್ನ ಕರ್ಯಾಕತ್ತಾನ್ರಿ ಅಂತ ಹೇಳ್ಲೇನು?

ಯಾಕ? ... ಕೈ ಯಾಕ ನಿಂತ್ವು? ಮಾಡು, ಬ್ಯಾಳಿ ಹಸನ ಮಾಡು.

ಏನಂದೆ ನಾ? ಸತ್ತ ಅಣ್ಣ ಅಂದೆ. ಹೂಂ, ಅಂದೆ. ಮಂದಿ ಹೇಳ್ತಿರ್ತಾರ... ಯಾವ ಮಂದಿ ಅಂದ್ರ... ಅವರು ಇವರು.

ಹಿಂಗ ನೋಡಬ್ಯಾಡ ತಂಗಿ. ಗೊತ್ತದ ನನಗ. ಒಬ್ಬನೇ ಮಗ ಅಂತ ಹೇಳಿ ಅವರು ನಿಶ್ಚಯ ಮಾಡಿದ್ರು. ಅಣ್ಣ ಒಬ್ಬ ಇದ್ದದ್ದು ನಿಮ್ಮವ್ವಗ ಗೊತ್ತಿಲ್ಲ, ರಾಘವೇಂದ್ರಗ ಗೊತ್ತಿಲ್ಲ. ಆಫೀಸಿನ್ಯಾಗ ಒಂದ್ ಹುಳಕ್ಕ ಗೊತ್ತಿಲ್ಲ. ಆದ್ರ ನಿನಗ... ನಿನಗ ಹೇಳ್ಯಾನಲ್ಲ? ಯಾರಿಗೂ ಹೇಳಬ್ಯಾಡ ಅಂದಿದ್ನೇನೋ. ನನಗೂ ಹಂಗ ಅಂದ.

...ಹೂಂ. ನನಗೂ.

ಹೋಗೂ ಮುಂದ ಬಸ್ಸಿನ್ಯಾಗ. ಎಲ್ಲಾರೂ ಅಂತ್ಯಾಕ್ಷರಿ ಹಾಡ್ಕೋತ ಕೂತಿದ್ರು. ನನ್ನ ಬಾಜೂಕ ಬಂದು ಕೂತ. ಸಣ್ಣಾಂವಿದ್ದಾಗ ಭೀಮಾ ದಾಟೂ ಮುಂದ ಹರಗೋಲ ಮಗಚಿದ್ದು, ನೀರಾಗ ಅಣ್ಣ ಇವನ ಕೈ ಹಿಡದಿದ್ದು, ಆ ಕೈ ಜಾರಿದ್ದು... ಎಲ್ಲಾ ಹೇಳಿದ. ಅವತ್ತಿನಿಂದ ಅವರ ಮನಿಯವರು ಯಾರೂ ಹರಗೋಲ ಹತ್ತಾಂಗಿಲ್ಲಂತ. ನಿಶ್ಚಯಕ್ಕೂ ಅದಕ್ಕ ಸುತ್ತ ಹಾಕಿ ಬ್ರಿಜ್ಜಿನ ಮ್ಯಾಲಿಂದ ತಡಾ ಮಾಡಿ ಬಂದ್ರು. ನಾ ಸೊಕ್ಕು ಅಂತ ಬೈದಿದ್ದೆ. 'ನೀವೆಲ್ಲಾ ದೋಣಿ ಹತ್ರಿ, ನಾ ದಂಡಿ ಮ್ಯಾಲೆ ಇರ್ತೇನಿ. ಯಾರರೆ ಕೇಳಿದ್ರ ನೀವ ಏನರೆ ಹೇಳ್ರಿ' ಅಂದ. ಹೂಂ ಅಂದೆ ತಂಗಿ. ಬೆನ್ನು ಸವರಿ, ಹೂಂ ಅಂದೆ.

ಮತ್ಯಾಕ? ಯಾಕಂದ್ರ... ಬಾವಿ ನೆನಪಾತು, ಒಮ್ಮೆ ದೂಡಿದ್ರ ಅಂಜಿಕಿ ಹೋದೀತು ಅಂತ... ಇಲ್ಲ. ಅದೂ ಸುಳ್ಳು. ಬಾವಿ ನೆನಪಾಗಿದ್ದು ಊರಿಗೆ ಬಂದ ಮ್ಯಾಲೆ. ಸಾಹೇಬ್ರು ಕೇಳಿದಾಗ ತಲ್ಯಾಗ ಬಂದದ್ದು ಒಂದ ಮಾತು. ನನ್ನ ಅಳಿಯ ಹೆಂಗಸರ ಕೂಡ ದಂಡಿ ಮ್ಯಾಲೆ ಕೂತ್ರ ಮಂದಿ ನನಗ ನಗ್ತಾರ. ಅವಗಲ್ಲ, ನನಗ! ಅಷ್ಟಕ್ಕ... ಇಷ್ಟ ಇಷ್ಟ ಇಜ್ಜತಿಗೆ... ಮತ್ತ ಇನ್ನೊಂದು. ಸಾಹೇಬ್ರು ನಕ್ಕ ಮ್ಯಾಲೆ ನಕ್ಕೆ ಅಂದೆನಲ್ಲ? ಮೊದಲ ನಕ್ಕಾಂವ ನಾನ. ನನ್ನ ನೋಡಿ ಸಾಹೇಬ್ರು ನಕ್ರು.

ಬೈಯವಾ. ಏನರೆ ಅನ್ನು. ಆ ಮೊರ ಎತ್ತಿ ಒಗಿ ನನ್ನ ಮ್ಯಾಲೆ.

ಎಲ್ಲಿ ಹೊಂಟಿ? ಸುಲಭಾ... ಚಪ್ಪಲಿ ಯಾಕ ಹಾಕ್ಕೊಳ್ಳಾಕತ್ತಿ? ಅವನ ಖೋಲಿಗೇನು? ಹಗಲಾಗ, ಗಲ್ಲಿ ಮಂದಿ ಎಲ್ಲಾ ಕಟ್ಟಿ ಮ್ಯಾಲೆ ಕೂತಾಗ, ಮದಿವಿ ಆಗದ ಹುಡುಗಿ... ಹೋಗು. ಹೋಗು ಯವ್ವಾ, ಮಂದಿ ಏನರೆ ಅನ್ಲಿ. ನಾನೂ ಬರ್ತೇನಿ, ತಡಿ, ಅಂಗಿ ಹಾಕ್ಕೊಂಡು... ಬ್ಯಾಡ? ಹೂಂ. ಬ್ಯಾಡ.

ಒಂದ್ ಮಾತು ಕೇಳಿ ಹೋಗು. ರಾಘವೇಂದ್ರನ ಮುಂದ ಅವ ನನ್ನ ಹೆಸರ ಎತ್ತಿಲ್ಲ. ಬಸ್ಸಿನ್ಯಾಗ ಹೇಳಿದ್ದು ನಾ ಮರ್ತಿದ್ದೆ ಅಂತ ತಿಳ್ಕೊಂಡಿರಬೇಕು. ಅಂಥಾ ಹುಡುಗ ಅವ. ಇವತ್ತಿಗೂ ಹಂಗ ತಿಳ್ಕೊಂಡು ಕೂತಿರ್ತಾನ, ಮಾವಗ ಮರವು ಆತು ಅಂತ.

ಮರ್ತಿದ್ದಿಲ್ಲ ಅಂತ ಹೇಳು.