ಅಕ್ಕನ ಆತ್ಮಕಥೆ

ಇಲ್ಲ ಅಂದ್ನಲ್ಲ ಗಿರಿಜಕ್ಕ, ಇಲ್ಲ! ನಿನ್ನ ಆತ್ಮಕಥೇನ ಹೊಸ ಪುಸ್ತಕದ ಸ್ಟ್ಯಾಂಡ್ ಮೇಲೆ ಇಡಲ್ಲ. ಸ್ವಂತ ತಂಗೀನೇ ಲೈಬ್ರರಿಯನ್ ಅಂತ ಶೇಷಾದ್ರಿಪುರಂನಿಂದ ಆಟೋ ಮಾಡ್ಕೊಂಡು ಬಂದ್ಬಿಟ್ರೆ ಆಯ್ತಾ? ಯಾಕೆ ನಗ್ತೀಯ? ಮೆತ್ತಗೆ... ಅಲ್ಲಿ ಪೇಪರ್ ಓದ್ತಿದಾರೆ.

ಚಾಮರಾಜಪೇಟೆ ಜನ ಹೆಂಗೆ ಗೊತ್ತಾ ನಿನ್ಗೆ? ಮನೇಲಿ ಕೇಬಲ್ ಟೀವಿ ಬಂದ್ರೂ ಶನಿವಾರ ಇಲ್ಲಿಗೆ ಬರ್ತಾರೆ. "ಮಹಾನಂದಾ ಮೇಡಂ, ಹೊಸದೇನಿದೆ? ಕಾದಂಬರಿ ಬೇಡ, ನಿಜವಾಗಿ ನಡ್ದಿದ್ದು ಕೊಡಿ" ಅಂತಾರೆ. ನಾನಿಟ್ಟಿದ್ದನ್ನ ಕಣ್ಮುಚ್ಕೊಂಡು ತಗೊಂಡು ಹೋಗ್ತಾರೆ. ನೋಡು, ಇದು ನರ್ಸಮ್ಮ ಒಬ್ಳು ಬರ್ಕೊಂಡಿರೋ ಜೀವನ. ತಪ್ಪು ಇಂಜೆಕ್ಷನ್ ಕೊಟ್ಟಿದ್ದನ್ನೂ ಮುಚ್ಚಿಟ್ಟಿಲ್ಲ, ಪುಣ್ಯಾತ್ಗಿತ್ತಿ! ಇದು ರೈಲ್ವೆ ಗಾರ್ಡ್‌ದು. ಇದು ಬೆಂಗ್ಳೂರಿನ ಕೆರೆಗಳು ಎಲ್ಲಿಗೆ ಹೋದ್ವು ಅಂತ. ತಗೊಂಡ್ಹೋಗಿ ಓದು. ಬರಿಯೋದು ಹೆಂಗೆ ಅಂತ ಗೊತ್ತಾಗತ್ತೆ.

ಏನು? ನಿಂದು ಓದಿದೀನಾ? ನನ್ಗೇನು ಬೇರೆ ಕೆಲ್ಸ ಇಲ್ವಾ! ಸೀಲ್ ಒತ್ಬೇಕಲ್ಲ... ಮೊದಲ್ನೇ ಹಾಳೆ ಮೇಲೊಂದು, ಒಳಗೆ ಯಾವ್ದಾದ್ರೂ ಗುಟ್ಟಿನ ಪುಟದ ಮೇಲೊಂದು. ಕದ್ದೋರು ಮೊದಲ್ನೇ ಹಾಳೆ ಹರಿದು ಹಾಕಿದ್ರೂ ನಮ್ದು ಅಂತ ಗೊತ್ತಾಗ್ಲಿ ಅಂತ. ಅವೆರಡೇ ನೋಡಿದ್ದು. ಅಷ್ಟೇ!

ನಿನ್ನ ಪುಸ್ತಕ ಎಲ್ಲಿ ಅಂತಾನಾ? ಬೀರುವಲ್ಲಿದೆ. ಸೀಲ್ ಒಣಗ್ಲಿ ಅಂತ ಇಟ್ಟಿದೀನಿ. ಹೂಂ, ಎರಡು ತಿಂಗಳಿಂದ ಒಣಗ್ತಾ ಇದೆ! ಏನೀಗ?

ಸುಳ್ಳು ಬರ್ದಿದೀಯ, ಅದ್ಕೇ ಇಡಲ್ಲ! ಟೈಫಾಯ್ಡ್ ಬಂದಾಗ ಹಗಲೂ ರಾತ್ರಿ ಅಮ್ಮ ಪಕ್ಕದಲ್ಲೇ ಇದ್ಳಂತೆ... ಅಮ್ಮ ಎಲ್ಲಿದ್ಳು? ಅಜ್ಜಿ ತೀರ್ಕೊಂಡ್ರು ಅಂತ ತುಮಕೂರಿಗೆ ಹೋಗಿದ್ಳು. ಗಂಜಿ ಕುಡಿಸಿದ್ದು ಯಾರು? ಕೂದ್ಲು ಉದುರಿ ನೀನು ಅಳ್ತಿದ್ದಾಗ, ಅಕ್ಕನ್ನ ಯಾರೂ ಆಡ್ಕೋಬಾರ್ದು ಅಂತ ತನ್ನ ಜಡೇನೂ ಕತ್ತರಿಸ್ಕೊಂಡು ಸ್ಕೂಲಿಗೆ ಹೋಗಿದ್ದು ಯಾರು? ಅಪ್ಪ ಯಾರಿಗೆ ಬೆಲ್ಟ್‌ನಲ್ಲಿ ಬಾರಿಸಿದ್ರು? ಹಾಲಿನ ಅಂಜನಪ್ಪನಿಗೆ ಇಡೀ ಅಧ್ಯಾಯ. ಬೆಕ್ಕಿಗೆ ಫೋಟೋ ಬೇರೆ!

ಹಂಗೆ ನೋಡ್ಬೇಡ ನನ್ನ.

ಹೌದು, ಓದ್ದೆ. ಎರಡು ಸಲ! ನನ್ನ ಬೈದಿರ್ತೀಯ ಅಂತ ಹೆದರ್ಕೊಂಡೇ ಶುರು ಮಾಡ್ದೆ. ಜಗಳಗಂಟಿ ಅಂತಾದ್ರೂ ಒಂದು ಸಾಲು ಬರೀಬಾರ್ದಿತ್ತಾ? ಇದನ್ನ ಓದ್ದೋರು ನಾಳೆ ಬಂದು, "ಮೇಡಂ, ನಿಮ್ಮಕ್ಕ ಅಂತಿದ್ರಿ, ಅವ್ರಿಗೆ ತಂಗೀನೇ ಇಲ್ವಲ್ಲ" ಅಂದ್ರೆ ಏನ್ ಹೇಳ್ಲಿ ನಾನು? ಯಾವ್ ಸಿಟ್ಟಿಗೆ ನನ್ನ ಬಿಟ್ಟೆ? ಅದಾದ್ರೂ ಹೇಳು...

ಅಕ್ಕಾ? ಯಾಕೆ ನಾಲ್ಗೆ ಕಚ್ಕೊಂಡೆ?

ಅಯ್ಯೋ... ಬೇಕಂತಾನೇ ಬಿಟ್ಟಿದೀಯ ಅಂದ್ಕೊಂಡಿದ್ದೆ. ಮರ್ತೇ ಬಿಟ್ಟಿದ್ಯಾ?