ಕೆಂಚಪ್ಪನ ಗೂಡಿನ ಬೂದಿ

ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಗೆ ಕಾಯುತ್ತಿದ್ದ ದೊಡ್ಡಹನುಮಯ್ಯನ ಕಿವಿಯೆಲ್ಲ ಪಕ್ಕದಲ್ಲಿ ತಾವೂ ಬಸ್ಸಿಗೆ ನಿಂತಿದ್ದ ಇಟ್ಟಿಗೆ ಗೂಡಿನ ಮಾಲೀಕ ಚಿಕ್ಕಮುನಿಯಪ್ಪ, ಅವನ ಹೆಂಡತಿ ಅಂಜನಮ್ಮ ಇಬ್ಬರ ಮಾತಿನ ಮೇಲಿತ್ತು.

“ಆ ಪಕ್ಕದ ಗೂಡಿನ ಕೆಂಚಪ್ಪ ಇಟ್ಟಿಗೇನ ನಮಗಿಂತ ಅಷ್ಟು ಅಗ್ಗಕ್ಕೆ ಹೆಂಗೆ ಕೊಡ್ತಾನೆ?”

“ಸೌದೆ ಬದಲು ಭತ್ತದ ಹೊಟ್ಟು ಉರಿಸ್ತಾನೆ.”

“ನಿಂಗ್ಯಾರು ಹೇಳಿದ್ರು?”

“ಅವನ ಗೂಡಿನ ಬೂದಿ ನೋಡ್ದೆ. ಪಾತ್ರೆ ಬೆಳಗೋಕೆ ಬೇಕು ಅಂತ ಇಸ್ಕೊಂಡು ಬಂದೆ. ಬೂದಿ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ?”

“ಭಲೇ ಕಣೇ! ನಾವು ಕಲ್ಲಿದ್ದಲು ಬೆರೆಸಿ ಸುಡೋ ಗುಟ್ಟು ಮಾತ್ರ ಆ ಪೆದ್ದನಿಗೆ ಇವತ್ತಿಗೂ ತಿಳೀದು.”

ಅಂಜನಮ್ಮ ಸೆರಗು ಸರಿಮಾಡಿಕೊಂಡಳು.

“ನಿನ್ನೆ ಅವನ ಹೆಂಡ್ತಿ ಬಂದಿದ್ಲು.”

“ಯಾಕೆ?”

“ಬೂದಿ ಬೇಕು ಅಂತ.”

“ಕೊಟ್ಬಿಟ್ಯಾ?”

“ಒಂದು ಮಂಕರಿ ಕೊಟ್ಟೆ. ಪಾತ್ರೆ ಬೆಳಗೋಕೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ?”

ಬಸ್ಸು ಬಂತು. ಹತ್ತಿದ್ದು ದೊಡ್ಡಹನುಮಯ್ಯ ಒಬ್ಬನೇ. ಗಂಡ ಆಗಲೇ ಗೂಡಿನ ಕಡೆ ಹೊರಟಿದ್ದ, ಹೆಂಡತಿ ಹತ್ತು ಹೆಜ್ಜೆ ಹಿಂದೆ.